ರಕ್ತವು ಕೊಡುವ ಸುಳಿವು

ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ, ಗಂಟಲುಬೇನೆ ವಾಸಿಯಾದ 2-3 ವಾರಗಳಲ್ಲಿ ಮಗುವಿಗೆ ಜ್ವರ ಬಂದು ಕೀಲುಗಳು ಊದಿಕೊಂಡರೆ, ನಾವು ಅದನ್ನು ‘ವಾಯು’ವೆಂದು ಕಡೆಗಣಿಸಲಾಗದು. ಅದು ಹೃದಯದ ಕವಾಟಗಳನ್ನೇ ಕೆಡಿಸಬಲ್ಲ ರುಮ್ಯಾಟಿಕ್ ಜ್ವರವಾಗಿರಬಹುದು.

ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೊಜೆನ್ ಎಂಬ ಪ್ರೋಟೀನು ಹೆಚ್ಚುತ್ತದೆ. ಆಗ ಕೆಂಪು ಕಣಗಳು ನಾಣ್ಯಗಳ ಅಡುಕಿನಂತೆ ಕೂಡಿಕೊಂಡು, ನೆಟ್ಟಗೆ ನಿಲ್ಲಿಸಿದ ಗಾಜಿನ ನಳಿಗೆಯಲ್ಲಿ ಬೇಗನೆ ಕೆಳಗಿಳಿಯುತ್ತವೆ. ತಾಲ್ಲೂಕು ಕೇಂದ್ರದಲ್ಲಿಯೇ ನಡೆಸಬಹುದಾದ ಸರಳ ಪರೀಕ್ಷೆಯಿದು. ಈ ರೋಗ ಹೆಚ್ಚಾಗಿರುವ ನಾಡುಗಳಲ್ಲಿ, 2015ರ ಜೋನ್ಸ್ ಮಾನದಂಡಗಳಂತೆ, ಮೊದಲ ಗಂಟೆಯಲ್ಲಿ 30 ಮಿಲಿಮೀಟರು ಅಥವಾ ಹೆಚ್ಚಿನ ಇಳಿತವು ಒಂದು ಕುರುಹು. ಸಿ-ರಿಯಾಕ್ಟಿವ್ ಪ್ರೋಟೀನಿನ ಏರಿಕೆ ಇನ್ನೊಂದು.

ಆದರೆ ರಕ್ತಹೀನತೆಯಲ್ಲಿಯೂ ಕಣಗಳು ಬೇಗ ಇಳಿಯುವುದುಂಟು. ಆದುದರಿಂದ ಹೃದಯದ ಪರೀಕ್ಷೆಯೂ ಅವಶ್ಯಕ. ಅಂಕಿ ತಗ್ಗಿತೆಂದು ವೈದ್ಯರು ವಿಧಿಸಿದ ಪೆನಿಸಿಲಿನ್ನನ್ನು ನಾವು ನಿಲ್ಲಿಸಬಾರದು. ಮರುಕಳಿಸುವ ಜ್ವರವೇ ಕವಾಟಗಳಿಗೆ ಮುಳುವು.