ಬದಿಗೆ ಬಿದ್ದ ಹೆದ್ದಾರಿಯನ್ನು ಊರವರೇ ಉಳಿಸಿಕೊಂಡ ಬಗೆ



ಹೊಸ ಹೆದ್ದಾರಿಯು ಊರ ಹೊರಗೆ ಹಾದುಹೋದರೆ ಊರೊಳಗಿನ ಹಳೆಯ ರಸ್ತೆಯ ಗತಿ ಏನಾಗುತ್ತದೆಂಬುದು ನಿಮಗೆ ತಿಳಿದದ್ದೇ. ಬಸ್ಸು, ಲಾರಿಗಳು ಒಳಗೆ ಬರುವುದಿಲ್ಲ. ಮೊದಲು ಚಹದ ಅಂಗಡಿ, ಆಮೇಲೆ ರಿಪೇರಿಯ ಅಂಗಡಿ ಮುಚ್ಚುತ್ತವೆ. ದಾರಿಯ ಮಗ್ಗುಲಲ್ಲಿ ಸೌತೆಕಾಯಿ, ಸೀಬೆಹಣ್ಣು ಇಟ್ಟುಕೊಂಡು ಕೂತವರಿಗೆ ಗಿರಾಕಿಯಿಲ್ಲ. “ಸರ್ಕಾರ ಮಾಡಿದ್ದು, ನಮ್ಮಿಂದೇನಾದೀತು?” ಎಂದು ಕೈಕಟ್ಟಿ ಕೂರುವುದೇ ಹೆಚ್ಚು. ಹಾಗೆ ಕೂರದಿದ್ದ ಒಂದು ಸಣ್ಣ ಊರಿನ ಸಂಗತಿಯನ್ನು ಈ ಸಲ ತಿಳಿಸುತ್ತೇನೆ. ಊರು ಅಮೆರಿಕದ್ದು, ಕಷ್ಟ ಮಾತ್ರ ನಮ್ಮದರಂಥದೇ.

ಅಮೆರಿಕದಲ್ಲಿ 1926ರಲ್ಲಿ 66ನೆಯ ನಂಬರಿನ ಹೆದ್ದಾರಿಯನ್ನು ಗೊತ್ತುಮಾಡಿದರು. ಷಿಕಾಗೋ ನಗರದಿಂದ 8 ರಾಜ್ಯಗಳನ್ನು ದಾಟಿ, ಸುಮಾರು 2,400 ಮೈಲಿ ಸಾಗಿ, ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯವನ್ನು ಸೇರುವ ರಸ್ತೆ ಅದು. ಒಕ್ಕಲು ಮಕ್ಕಳಾದ ನಾವು ಅದರ ಒಂದು ವಿಚಾರವನ್ನು ಅರಿತಿರಬೇಕು. 1930ರ ದಶಕದಲ್ಲಿ ಅಲ್ಲಿ ಮಳೆ ಕೈಕೊಟ್ಟಿತು. ಹುಲ್ಲುಗಾವಲುಗಳನ್ನು ಉತ್ತು ಬರಿದು ಮಾಡಿದ್ದ ನೆಲದ ಮೇಲ್ಮಣ್ಣು ಗಾಳಿಗೆ ಹಾರಿಹೋಯಿತು. ಒಕ್ಲಹಾಮ ಮೊದಲಾದ ಕಡೆಗಳ ರೈತ ಕುಟುಂಬಗಳು ಹಾಸಿಗೆ, ಪಾತ್ರೆ ಹೇರಿಕೊಂಡು ಕೂಲಿ ಹುಡುಕುತ್ತ ಹೋದದ್ದು ಇದೇ ದಾರಿಯಲ್ಲಿ. ಹೀಗೆ ಒಂದು ತಲೆಮಾರಿನ ಸಂಕಟದ ಗುರುತು ಆ ರಸ್ತೆಯಲ್ಲಿದೆ.

ಅರಿಜೋನ ರಾಜ್ಯದ ಸೆಲಿಗ್ಮನ್ ಎಂಬ ಊರು ಈ ರಸ್ತೆಯನ್ನು ನಂಬಿಯೇ ಬದುಕಿತ್ತು. 1978ರ ಸೆಪ್ಟೆಂಬರ್ 22ರಂದು ಊರ ಹೊರಗೆ ಹೊಸ ಹೆದ್ದಾರಿ ತೆರೆಯಿತು. ಅಂದಿನಿಂದ ಊರೊಳಗೆ ವಾಹನಗಳು ಬರುವುದು ನಿಂತೇಹೋಯಿತು. 1985ರಲ್ಲಿ 66ನೆಯ ನಂಬರನ್ನೇ ದೇಶದ ಹೆದ್ದಾರಿಗಳ ಪಟ್ಟಿಯಿಂದ ತೆಗೆದುಹಾಕಿದರು.

ಅಲ್ಲಿನ ಕ್ಷೌರಿಕ ಏಂಜೆಲ್ ಡೆಲ್ಗಡಿಲೊ ಎಂಬವರು ಇದನ್ನು ಸುಮ್ಮನೆ ಸಹಿಸಲಿಲ್ಲ. 1987ರ ಫೆಬ್ರವರಿಯಲ್ಲಿ ಅವರೂ ನೆರೆಹೊರೆಯವರೂ ಸಭೆ ಸೇರಿದರು. ಸೇರಿದವರು ಕೇವಲ 15 ಜನ. ಹಳೆಯ ರಸ್ತೆಯನ್ನು ಐತಿಹಾಸಿಕ ಮಾರ್ಗವೆಂದು ಸಾರಬೇಕು, ಅದಕ್ಕೆ ಫಲಕ ಹಾಕಬೇಕು ಎಂಬುದು ಅವರ ಮುಖ್ಯ ಬೇಡಿಕೆ. ಅದೇ ನವೆಂಬರಿನಲ್ಲಿ ರಾಜ್ಯ ಸರ್ಕಾರವು ಸೆಲಿಗ್ಮನ್‌ನಿಂದ ಕಿಂಗ್‌ಮನ್‌ವರೆಗಿನ ರಸ್ತೆಯನ್ನು ಹಾಗೆಂದು ಒಪ್ಪಿತು. 1988ರಲ್ಲಿ ಸಂಘದವರು ಆ ದಾರಿಯಲ್ಲಿ ಕಾರುಗಳ ಮೆರವಣಿಗೆ ನಡೆಸಿದರು. ನೋಡಲು ಜನ ಬರತೊಡಗಿದರು. ಈ ರಸ್ತೆಯ ಬೇರೆ ರಾಜ್ಯಗಳಲ್ಲಿಯೂ ಇಂಥ ಸಂಘಗಳು ಹುಟ್ಟಿದವು. 1999ರಲ್ಲಿ ಇಡೀ ದಾರಿಯ ರಕ್ಷಣೆಗೆ ನೆರವು ಕೊಡುವ ಕಾನೂನನ್ನು ಕೇಂದ್ರ ಸರ್ಕಾರವೇ ಮಾಡಿತು.

ಕ್ರಮವನ್ನು ಗಮನಿಸಿರಿ: ಮೊದಲು ಜನರು, ಆಮೇಲೆ ಸರ್ಕಾರ.

ನಿಮ್ಮೂರಿನಲ್ಲಿಯೂ ಬದಿಗೆ ಬಿದ್ದ ಹಳೆಯ ದಾರಿಯೊಂದು ಇರಬಹುದು. ಪ್ರವಾಸಿಗರು ಬಂದೇ ಬರುತ್ತಾರೆಂದು ನಾನು ಆಸೆ ಹುಟ್ಟಿಸಲಾರೆ. ಆದರೆ ದಾರಿ ಉಳಿದರೆ ಮಾತ್ರ ಮುಂದಿನ ಮಾತು. ಸುಗ್ಗಿ ಮುಗಿದ ಮೇಲೆ ಯುವಕ ಸಂಘದವರು ವಾರಕ್ಕೊಂದು ಬೆಳಗ್ಗೆ ಶ್ರಮದಾನ ಮಾಡಿದರೆ ಈ ಕೆಲಸಗಳು ಸಾಧ್ಯ:

1. ಮೈಲಿಗಲ್ಲು, ಬಾವಿ, ಮಂಟಪ, ಸಾಲುಮರಗಳನ್ನು ಎಣಿಸಿ ಪಟ್ಟಿ ಮಾಡಿರಿ.

2. ಕಲ್ಲಿನ ಸುತ್ತಲ ಕಳೆ ತೆಗೆಯಿರಿ. ಕಲ್ಲನ್ನು ಮಾತ್ರ ಕದಲಿಸಬೇಡಿರಿ. ನೆಟ್ಟ ಜಾಗ ತಪ್ಪಿದರೆ ಮೈಲಿಗಲ್ಲಿನ ಲೆಕ್ಕವೇ ಸುಳ್ಳಾಗುತ್ತದೆ. ಅಕ್ಷರಗಳ ಮೇಲೆ ಸುಣ್ಣ, ಬಣ್ಣ ಬಳಿಯಬೇಡಿರಿ.

3. ಸಾಲುಮರಗಳ ಬುಡದಲ್ಲಿ ಕಸ ಸುಡಬೇಡಿರಿ. ಮರ ಬಿದ್ದ ಕಡೆ ಮಳೆಗಾಲದ ಮೊದಲಲ್ಲಿ ಸಸಿ ನೆಟ್ಟು ಮುಳ್ಳುಬೇಲಿ ಕಟ್ಟಿರಿ.

4. ಆ ದಾರಿಯಲ್ಲಿ ಗಾಡಿ ಹೊಡೆದ, ಸಂತೆಗೆ ನಡೆದ ಹಿರಿಯರ ಮಾತನ್ನು ಶಾಲೆಯ ಮಕ್ಕಳಿಂದ ಬರೆಯಿಸಿರಿ. ಅವರು ಹೋದ ಮೇಲೆ ಹೇಳುವವರಿಲ್ಲ.

5. ಗ್ರಾಮಸಭೆಯಲ್ಲಿ ಠರಾವು ಮಾಡಿ, ರಸ್ತೆ ಯಾವ ಇಲಾಖೆಯದೋ ಅವರಿಗೆ ಕಳುಹಿಸಿರಿ. ಫಲಕ ನೆಡುವುದಕ್ಕೆ ಅವರ ಅಪ್ಪಣೆ ಬೇಕು.

ಕೊನೆಗೆ ಒಂದು ಕಟು ಮಾತು. ಹಳೆಯ ರಸ್ತೆಗೆ ಹೊಸ ಹೆದ್ದಾರಿಯೊಂದೇ ಶತ್ರುವಲ್ಲ. ಯಾರಿಗೂ ಬೇಡದ ದಾರಿಯೆಂದು ವರ್ಷಕ್ಕೆರಡು ಸಾಲು ಒತ್ತಿ ಉಳುವ ನೇಗಿಲೂ ಶತ್ರುವೇ. ಹಾಗೆ ಸಿಕ್ಕ ನೆಲದಲ್ಲಿ ಹೆಚ್ಚೆಂದರೆ ನಾಲ್ಕು ಸೇರು ರಾಗಿ ಬಂದೀತು. ಕಳೆದ ದಾರಿಯಾದರೋ ತಿರುಗಿ ಬಾರದು. ಈ ವರ್ಷ ಉಳುವಾಗ ರಸ್ತೆಯ ಅಂಚನ್ನು ಬಿಟ್ಟು ಉಳಿರಿ. ಮೊದಲ ಸೇವೆ ಅದೇ.