ರಾಗಿಕಾಳಿನ ತೂಕ, ಹದಿನಾಲ್ಕು ಟನ್ ಲೆಕ್ಕ

ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲಿನಲ್ಲಿ ತೆಲಂಗಾಣದ ಸಿಂಗರೇಣಿ ಗಣಿಗಳ ಪಾಲಿದೆ. ಗೋದಾವರಿ ಕಣಿವೆಯ ಆ ತೆರೆದ ಗಣಿಗಳಲ್ಲಿ ಕಲ್ಲಿದ್ದಲಿನ ಮೇಲಿದ್ದ ಮಣ್ಣು, ಬಂಡೆಗಳನ್ನೆಲ್ಲ ಅಗೆದು ಪಕ್ಕಕ್ಕೆ ಸುರಿದು, ಗುಡ್ಡಗಳೇ ಎದ್ದಿವೆ. ಅವುಗಳ ಮೇಲೆ ಗಿಡ ನೆಟ್ಟಿದ್ದಾರೆ. ಗಿಡ ಬೆಳೆದದ್ದು ಕಣ್ಣಿಗೆ ಕಾಣುತ್ತದೆ. ಆದರೆ ಅಡಿಯಲ್ಲಿರುವುದು ಮಣ್ಣಾಯಿತೇ? ಉದುರಿದ ಎಲೆ, ಸತ್ತ ಬೇರು ಕೊಳೆತು ಅಲ್ಲಿ ಎಷ್ಟು ಇಂಗಾಲ ಉಳಿಯಿತು ಎಂದು ಅಳೆಯದೆ ಇದಕ್ಕೆ ಉತ್ತರವಿಲ್ಲ.

ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ ನೆಲ. ಮೇಲಿನ ಒಂದಡಿ, 30 ಸೆಂಟಿಮೀಟರ್ ಮಣ್ಣನ್ನಷ್ಟೇ ಲೆಕ್ಕಕ್ಕೆ ಹಿಡಿದರೆ 3,000 ಘನಮೀಟರ್. ಸಾಧಾರಣ ಮಣ್ಣಾದರೆ ತೂಕ ಸುಮಾರು 3,900 ಟನ್. ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಹಾಕುವುದು ಎಷ್ಟು? ಒಂದು ಗ್ರಾಂ. 390 ಕೋಟಿ ಗ್ರಾಂಗಳ ಪರವಾಗಿ ಒಂದು ಗ್ರಾಂ ಸಾಕ್ಷಿ ಹೇಳಬೇಕು! ಅದಕ್ಕೇ ಒಂದೆಡೆಯ ಮಣ್ಣು ಸಾಲದು. ಹತ್ತಾರು ಕಡೆ ತೆಗೆದು, ಒಣಗಿಸಿ, ಕುಟ್ಟಿ, 2 ಮಿಲಿಮೀಟರ್ ಜರಡಿ ಹಿಡಿಯುತ್ತಾರೆ.

ನಮ್ಮ ರೈತರ ಮಣ್ಣು ಪರೀಕ್ಷೆಗೂ ಬಳಸುವ ವಿಧಾನ 1934ರದು. ಕಿತ್ತಳೆ ಬಣ್ಣದ ಡೈಕ್ರೋಮೇಟ್ ದ್ರಾವಣಕ್ಕೆ ಮಣ್ಣು ಹಾಕಿ ಗಂಧಕಾಮ್ಲ ಸುರಿದರೆ ಸೀಸೆ ಕೈಗೆ ಸುಡುವಷ್ಟು ಕಾಯುತ್ತದೆ. ಆಮೇಲೆ ಬ್ಯೂರೆಟ್‌ನಿಂದ ಇನ್ನೊಂದು ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತಾ ಹೋಗಬೇಕು. ಕಡುನೀಲಿ ಇದ್ದಕ್ಕಿದ್ದಂತೆ ಹಸಿರಿಗೆ ತಿರುಗಲು ಕೊನೆಯ ಒಂದೇ ಹನಿ ಸಾಕು.

ಆ ಒಂದು ಗ್ರಾಂನಲ್ಲಿ ಶೇ. 1 ಇಂಗಾಲ ಎಂದರೆ 10 ಮಿಲಿಗ್ರಾಂ. ಲೆಕ್ಕ ಒಂದೇ ಒಂದು ಮಿಲಿಗ್ರಾಂ ತಪ್ಪಿತೆನ್ನಿ, ಹೆಕ್ಟೇರಿಗೆ 3.9 ಟನ್ ಇಂಗಾಲ, ಅಂದರೆ 14 ಟನ್‌ಗೂ ಮೀರಿದ ಇಂಗಾಲದ ಡೈಆಕ್ಸೈಡ್ ಏರುಪೇರಾಗುತ್ತದೆ.

ಗಣಿ ಗುಡ್ಡದಲ್ಲಿ ಈ ತಪ್ಪು ಆಗುವುದು ಬಹಳ ಸುಲಭ. ಅಲ್ಲಿಯ ಮಣ್ಣಲ್ಲಿ ಕಲ್ಲಿದ್ದಲಿನ ಪುಡಿಯೂ ಬೆರೆತಿದೆ. ಒಂದು ರಾಗಿಕಾಳು ಎರಡು-ಮೂರು ಮಿಲಿಗ್ರಾಂ ತೂಗುತ್ತದೆ. ಅರ್ಧದಷ್ಟು ಇಂಗಾಲವಿರುವ ಕಲ್ಲಿದ್ದಲು ಅಷ್ಟು ಸೇರಿದರೂ ಕುಲುಮೆಯಲ್ಲಿ ಸುಟ್ಟು ಅಳೆಯುವ ಯಂತ್ರ ಅದನ್ನು ಗಿಡಗಳ ದುಡಿಮೆಯ ಖಾತೆಗೇ ಜಮಾ ಮಾಡುತ್ತದೆ. ಇನ್ನು ಗುಡ್ಡದ ಅರ್ಧ ತೂಕ ಕಲ್ಲೇ ಆಗಿದ್ದು ಅದನ್ನು ಕಳೆಯಲು ಮರೆತರೆ ಇಂಗಾಲದ ಲೆಕ್ಕ ಇಮ್ಮಡಿ.

ಎರಡು ಇಂಗಾಲಗಳನ್ನು ಬೇರ್ಪಡಿಸುವ ದಾರಿ ಮಾತ್ರ ನನ್ನನ್ನು ಬೆರಗುಗೊಳಿಸುತ್ತದೆ. ಜೀವಂತ ಗಿಡದ ಇಂಗಾಲದಲ್ಲಿ ಸುಮಾರು ಒಂದು ಲಕ್ಷ ಕೋಟಿ ಪರಮಾಣುಗಳಿಗೆ ಒಂದು ಇಂಗಾಲ-14 ಎಂಬ ಬಗೆಯದು. ಗಿಡ ಸತ್ತ ಮೇಲೆ 5,730 ವರ್ಷಕ್ಕೊಮ್ಮೆ ಅದು ಅರ್ಧವಾಗುತ್ತಾ ಹೋಗುತ್ತದೆ. ಸಿಂಗರೇಣಿಯ ಕಲ್ಲಿದ್ದಲಿಗೆ 25 ಕೋಟಿ ವರ್ಷ ದಾಟಿದೆ. ಅಷ್ಟರಲ್ಲಿ 40,000ಕ್ಕೂ ಹೆಚ್ಚು ಸಲ ಅರ್ಧವಾಗಬೇಕು! ಹತ್ತೇ ಸಲಕ್ಕೆ ಸಾವಿರದಲ್ಲೊಂದು ಪಾಲೂ ಉಳಿಯುವುದಿಲ್ಲ. ಹಾಗಾಗಿ ಇಂಗಾಲ-14 ಇದ್ದರೆ ಅದು ಎಲೆ-ಬೇರಿನದು, ಇಲ್ಲದ್ದು ಕಲ್ಲಿದ್ದಲಿನದು. ಲಕ್ಷ ಕೋಟಿಗೆ ಒಂದನ್ನು ಎಣಿಸುವ ಯಂತ್ರ ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗೋತ್ಕರ್ಷಕ ಕೇಂದ್ರದಲ್ಲಿದೆ.

ಗಣಿ ಗುಡ್ಡದ ಕಾಡು ಇಷ್ಟು ಟನ್ ಇಂಗಾಲ ಹಿಡಿದಿಟ್ಟಿದೆ ಎಂದು ಯಾರಾದರೂ ಹೇಳಿದರೆ ಎರಡೇ ಪ್ರಶ್ನೆ ಕೇಳಿ: ಕಲ್ಲು ಕಳೆದಿರಾ? ಕಲ್ಲಿದ್ದಲು ಕಳೆದಿರಾ?