ಬಾಂಡ್ಲಿಯಿಂದ ಕರಣೆಗೆ ಎಷ್ಟು ದೂರ?

ಶನಿವಾರ ಸಂಜೆ ಬಟವಾಡೆ. ಅರ್ಧ ಎದ್ದ ಕಟ್ಟಡದ ಮುಂದೆ, ಇಟ್ಟಿಗೆ ರಾಶಿಯ ಮೇಲೆ ಕೂತ ಮೇಸ್ತ್ರಿ ಜೇಬಿನಿಂದ ಸಣ್ಣ ಪುಸ್ತಕ ತೆಗೆಯುತ್ತಾನೆ. ಒಬ್ಬೊಬ್ಬರ ಹೆಸರು ಕೂಗುತ್ತಾನೆ, ಎಣಿಸಿ ಕೊಡುತ್ತಾನೆ. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದ ಗಂಡ ಹೆಂಡತಿ ಇಬ್ಬರೂ ಆರು ದಿನ ದುಡಿದಿದ್ದಾರೆ. ಪುಸ್ತಕದಲ್ಲಿರುವುದು ಮಾತ್ರ ಗಂಡನ ಹೆಸರು. ಅದರ ಪಕ್ಕದಲ್ಲಿ ‘ಜೋಡಿ’ ಎಂದೋ ‘2 ಆಳು’ ಎಂದೋ ಒಂದು ಗುರುತು. ಇಬ್ಬರ ಕೂಲಿಯೂ ಒಂದೇ ಕೈಗೆ ಹೋಗುತ್ತದೆ. ಎಲ್ಲ ಕಡೆ ಹೀಗೇ ಎಂದು ಹೇಳಲಾಗದು. ಆದರೆ ಸಣ್ಣಪುಟ್ಟ ಗುತ್ತಿಗೆಗಳಲ್ಲಿ ಇದು ಯಾರ ಕಣ್ಣಿಗೂ ಕುಕ್ಕದಷ್ಟು ರೂಢಿಯಾಗಿದೆ.

ಕಟ್ಟಡ ಕೆಲಸ ಗಂಡಸರದ್ದು, ಹೆಂಗಸರು ಅದರೊಳಗೆ ಕಾಲಿಡುವುದೇ ಕಷ್ಟ ಎಂಬ ಮಾತು ಬೇರೆ ಎಷ್ಟೋ ದೇಶಗಳಿಗೆ ಒಪ್ಪುತ್ತದೆ. ನಮ್ಮಲ್ಲಿ ಪಾಯ ತೋಡುವ ದಿನವೇ ಅವಳು ಹಾಜರ್. ಅವಳ ದಾರಿ ಮುಚ್ಚಿಕೊಳ್ಳುವುದು ಅಲ್ಲಿಂದ ಮುಂದೆ. ಬಾಂಡ್ಲಿ ಹೊತ್ತು ಬಂದವಳು ಇಪ್ಪತ್ತು ವರ್ಷ ಕಳೆದರೂ ಬಾಂಡ್ಲಿಯನ್ನೇ ಹೊರುತ್ತಿರುತ್ತಾಳೆ. ಜೊತೆಯಲ್ಲೇ ಕೆಲಸಕ್ಕೆ ಸೇರಿದ ಹುಡುಗ ಆ ಹೊತ್ತಿಗೆ ಮೇಸ್ತ್ರಿಯಾಗಿರುತ್ತಾನೆ. ಇದು ಹೇಗೆ ಆಗುತ್ತದೆ ಎಂಬುದು ಈ ಅಧ್ಯಾಯದ ವಿಷಯ.

ಕಟ್ಟಿಸಿದವಳು, ಹೊತ್ತವಳು

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದವಳು ಬಾದಾಮಿ ಚಾಲುಕ್ಯರ ರಾಣಿ ಲೋಕಮಹಾದೇವಿ. ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಎದ್ದ ಗುಡಿ ಅದು. ಅಲ್ಲಿನ ಶಾಸನದಲ್ಲಿ ಅವಳ ಹೆಸರಿದೆ. ಗುಡಿಯ ಸೂತ್ರಧಾರಿ ಗುಂಡನ ಹೆಸರೂ ‘ಅನಿವಾರಿತಾಚಾರಿ’ ಎಂಬ ಅವನ ಬಿರುದೂ ಇವೆ. 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯ ಹೆಸರು ಸಾವಿರ ವರ್ಷ ಕಳೆದರೂ ಕನ್ನಡಿಗರ ಬಾಯಲ್ಲಿದೆ. ಕಟ್ಟಿಸಿದವಳು ಕಲ್ಲಿನಲ್ಲಿ ಉಳಿದಳು, ಕಟ್ಟಿದವನೂ ಅಲ್ಲಲ್ಲಿ ಉಳಿದ. ಕಲ್ಲು ಮಣ್ಣು ಹೊತ್ತವಳು ಉಳಿಯಲಿಲ್ಲ.

ಕೆರೆ ತೋಡುವ, ಏರಿ ಹಾಕುವ, ಕಲ್ಲು ಒಡೆಯುವ ಕಸುಬು ನಮ್ಮ ನಾಡಿನಲ್ಲಿ ಬಹುಕಾಲ ಭೋವಿ ಸಮುದಾಯದ್ದಾಗಿತ್ತು. ಗಂಡು ಅಗೆದರೆ ಹೆಣ್ಣು ಹೊರುವುದು. ಇಡೀ ಸಂಸಾರವೇ ಒಂದು ಕೆಲಸದ ತಂಡ. ಕೂಲಿಯೂ ಸಂಸಾರದ ಲೆಕ್ಕದಲ್ಲಿ. ಮೇಸ್ತ್ರಿಯ ಪುಸ್ತಕದ ‘ಜೋಡಿ’ ಆ ಹಳೆಯ ಲೆಕ್ಕದ ಉಳಿಕೆ.

ತಲೆಯ ಮೇಲಿನ ತೂಕ

ಹೆಣ್ಣಾಳಿನ ದಿನಗೆಲಸ ಹೀಗಿರುತ್ತದೆ: ಮರಳು ಜರಡಿ ಹಿಡಿಯುವುದು, ಇಟ್ಟಿಗೆ ನೆನೆಸುವುದು, ಜಲ್ಲಿಯನ್ನೂ ಕಲಸಿದ ಗಾರೆಯನ್ನೂ ಬಾಂಡ್ಲಿಗೆ ತುಂಬಿ ಸಿಂಬಿಯ ಮೇಲಿಟ್ಟು ಮೇಸ್ತ್ರಿ ಇರುವಲ್ಲಿಗೆ ಮುಟ್ಟಿಸುವುದು, ಹೊಸ ಗೋಡೆಗೆ ನೀರು ಹಾಕುವುದು, ಸಂಜೆ ಗುಡಿಸಿ ಸಾಮಾನು ತೊಳೆದಿಡುವುದು. ಮೌಲ್ಡ್ ಹಾಕುವ ದಿನವಂತೂ ಊಟಕ್ಕೂ ಬಿಡುವಿರುವುದಿಲ್ಲ; ಕಾಂಕ್ರೀಟ್ ಕಾಯುವುದಿಲ್ಲ.

ಕಟ್ಟಡ ಕಾರ್ಮಿಕರಿಗಾಗಿ 1998ರಲ್ಲಿ ಬಂದ ಕೇಂದ್ರ ನಿಯಮಗಳು ಒಬ್ಬರೇ ಹೊರಬಹುದಾದ ತೂಕಕ್ಕೆ ಮಿತಿ ಹಾಕಿದವು: ಗಂಡಸಿಗೆ 55 ಕೆಜಿ, ಹೆಂಗಸಿಗೆ 30 ಕೆಜಿ. ಸುಟ್ಟ ಇಟ್ಟಿಗೆ ಒಂದಕ್ಕೆ ಸುಮಾರು 3 ಕೆಜಿ ಎಂದರೆ ಹತ್ತು ಇಟ್ಟಿಗೆಗೇ ಮಿತಿ ಮುಟ್ಟಿತು. ಎಂಟಿಂಚಿನ ಸಾಲಿಡ್ ಬ್ಲಾಕ್ ಒಂದೇ 30 ಕೆಜಿಯ ಆಸುಪಾಸು ತೂಗುತ್ತದೆ. ಸಿಮೆಂಟ್ ಚೀಲ 50 ಕೆಜಿ. ಅದನ್ನು ಅವಳ ತಲೆಗೆ ಎತ್ತುವಂತೆಯೇ ಇಲ್ಲ. ಇನ್ನು ಬಾಂಡ್ಲಿಗೆ ಬರೀ 15 ಕೆಜಿ ಎಂದಿಟ್ಟುಕೊಳ್ಳಿ. ದಿನಕ್ಕೆ ನೂರು ಸಲ ಹೊತ್ತರೆ ಒಂದೂವರೆ ಟನ್ ಅವಳ ಕುತ್ತಿಗೆಯ ಮೇಲೆ ಹಾದುಹೋಗಿರುತ್ತದೆ. ಅದೂ ನೆಲದ ಮೇಲಲ್ಲ, ಕಟಕಟೆಯಿಲ್ಲದ ಮೆಟ್ಟಿಲಲ್ಲಿ, ಸಾರುವೆಗೆ ಅಡ್ಡ ಹಾಕಿದ ಹಲಗೆಯಲ್ಲಿ. ಎರಡೂ ಕೈ ಬಿಟ್ಟು ತಲೆಹೊರೆ ತೂಗಿಸಿಕೊಂಡು ಆ ಹಲಗೆ ದಾಟಿ ಎಂದರೆ ನಮ್ಮಲ್ಲಿ ಹೆಚ್ಚಿನವರು ಮೊದಲ ಹೆಜ್ಜೆಗೇ ನಿಂತುಬಿಡುತ್ತೇವೆ. ಈ ಕೆಲಸಕ್ಕೆ ಸರಕಾರಿ ಕಾಗದದಲ್ಲಿರುವ ಹೆಸರು ‘ಅಕುಶಲ’.

ಕರಣೆ ಯಾರ ಕೈಗೆ?

ಗಾರೆ ಕೆಲಸ ಬಹುಮಟ್ಟಿಗೆ ಶಾಲೆಯಲ್ಲಿ ಕಲಿಯುವ ವಿದ್ಯೆಯಲ್ಲ. ಆಳಾಗಿ ಬಂದ ಹುಡುಗನಿಗೆ ಒಂದು ದಿನ ಮಧ್ಯಾಹ್ನ ಮೇಸ್ತ್ರಿ ಕರಣೆ ಕೊಟ್ಟು, ‘ಆ ಮೂಲೆ ಬಳಿ ನೋಡೋಣ’ ಅನ್ನುತ್ತಾನೆ. ಮೂಲೆ ಯಾಕೆಂದರೆ ಸೊಟ್ಟಗಾದರೂ ಯಾರಿಗೂ ಕಾಣದು. ಮುಂದೆ ತೂಗುಗುಂಡು ಬಿಡುವುದು, ರಸಮಟ್ಟ ಹಿಡಿಯುವುದು, ದಾರ ಕಟ್ಟಿ ವರಸೆ ಇಡುವುದು ಒಂದೊಂದಾಗಿ ಕೈಗೆ ಹತ್ತುತ್ತವೆ. ಸಾಮಾನ್ಯವಾಗಿ ಆ ಮೇಸ್ತ್ರಿ ಹುಡುಗನಿಗೆ ಮಾವನೋ ಅಣ್ಣನೋ ಒಂದೇ ಊರಿನವನೋ ಆಗಿರುತ್ತಾನೆ. ತಪ್ಪು ಮಾಡಲು ಒಂದು ಮೂಲೆ ಸಿಕ್ಕಿದ್ದರಿಂದಲೇ ಅವನು ಮೇಸ್ತ್ರಿಯಾದ. ಆ ಮೂಲೆ ಹೆಣ್ಣುಮಗಳಿಗೆ ಸಿಗುವುದಿಲ್ಲ. ಊಟದ ಬಿಡುವಿನಲ್ಲಿ ಅವಳು ಮಗುವಿಗೆ ಹಾಲು ಕುಡಿಸುತ್ತಿರುತ್ತಾಳೆ, ಇಲ್ಲವೇ ಎಲ್ಲರಿಗೂ ನೀರು ತರುತ್ತಿರುತ್ತಾಳೆ. ‘ಅವಳು ಗೋಡೆ ಕಟ್ಟಿದರೆ ಗಾರೆ ಹೊರುವವರು ಯಾರು?’ ಎಂಬ ಪ್ರಶ್ನೆಯೂ ಕಾದಿರುತ್ತದೆ.

ಕೂಲಿಯ ಅಂತರ ಹುಟ್ಟುವುದು ಇಲ್ಲಿ. ಸಮಾನ ವೇತನ ಕಾಯ್ದೆ ನಮ್ಮಲ್ಲಿ 1976ರಿಂದಲೇ ಇತ್ತು. 2019ರ ವೇತನ ಸಂಹಿತೆ ಅದನ್ನು ಒಳಗೊಂಡಿತು. ಒಂದೇ ಕೆಲಸಕ್ಕೆ ಅಥವಾ ಅದೇ ಬಗೆಯ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂಬುದು ಅದರ ಸಾರ. ಹಾಗಾದರೆ ಕೆಲಸದ ಹೆಸರನ್ನೇ ಬದಲಿಸಿದರಾಯಿತು. ಗುಂಡಿ ತೋಡಿದರೆ ‘ಗಂಡಾಳು’, ತೋಡಿದ ಮಣ್ಣು ಹೊತ್ತರೆ ‘ಹೆಣ್ಣಾಳು’. ಎರಡೂ ಸೇರಿದರೇ ಪಾಯ, ಆದರೂ ಕೂಲಿ ಬೇರೆ. ಕಾಯ್ದೆಯನ್ನು ಮುರಿಯುವ ಅಗತ್ಯವೇ ಬೀಳುವುದಿಲ್ಲ. ಪಕ್ಕದಲ್ಲೇ ಒಂದು ಕಾಲುದಾರಿ ಇದೆ.

ಮಗು ಮತ್ತು ಮರೆ

ಜಲ್ಲಿ ರಾಶಿಯ ನೆರಳಿನಲ್ಲಿ ಸೀರೆಯ ಜೋಲಿ, ಅದನ್ನು ತೂಗುತ್ತಿರುವ ಆರೇಳು ವರ್ಷದ ಅಕ್ಕ: ಇದನ್ನು ನೋಡದ ಊರಿಲ್ಲ. ಹೀಗೆ ತೂಗುವ ಅಕ್ಕ ಶಾಲೆ ತಪ್ಪಿಸಿಕೊಂಡಿರುತ್ತಾಳೆ ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. 1969ರಲ್ಲಿ ದೆಹಲಿಯ ರಾಜಘಾಟ್ ಬಳಿ ಗಾಂಧಿ ಶತಮಾನೋತ್ಸವದ ಕಟ್ಟಡಗಳು ಏಳುತ್ತಿದ್ದಾಗ, ಧೂಳಿನಲ್ಲಿ ಬಿದ್ದಿದ್ದ ಕೂಲಿಯವರ ಮಕ್ಕಳನ್ನು ಕಂಡು ಮೀರಾ ಮಹದೇವನ್ ಅಲ್ಲೇ ಶಿಶುಪಾಲನಾ ಕೇಂದ್ರ ತೆರೆದರು. ‘ಮೊಬೈಲ್ ಕ್ರೆಷಸ್’ ಸಂಸ್ಥೆ ಹುಟ್ಟಿದ್ದು ಹೀಗೆ. ಕೆಲಸ ಎಲ್ಲಿಗೆ ಹೋದರೆ ಕೂಸಿನ ಕೋಣೆಯೂ ಅಲ್ಲಿಗೆ ಎಂಬುದು ಅದರ ಸರಳ ಉಪಾಯ.

ಆಮೇಲೆ ಕಾನೂನೂ ಬಂತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಪ್ರಕಾರ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ, ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಬೇಕಿತ್ತು. ಮೇಸ್ತ್ರಿಯ ಪುಸ್ತಕವನ್ನು ಇಲ್ಲಿ ಮತ್ತೆ ತೆರೆಯಿರಿ. ‘ಜೋಡಿ’ ಎಂದು ಬರೆದ ಪುಸ್ತಕದಲ್ಲಿ ಹೆಂಗಸರ ಎಣಿಕೆ ಐವತ್ತನ್ನು ಮುಟ್ಟುವುದು ಹೇಗೆ? ಸಣ್ಣ ಕೆಲಸಗಳಲ್ಲಂತೂ ಅಷ್ಟು ಜನರೇ ಇರುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಈ ಎಣಿಕೆಯಲ್ಲಿ ಗಂಡು ಹೆಣ್ಣು ಎಂಬ ಭೇದ ಬಿಟ್ಟು, ಒಟ್ಟು ಕೆಲಸಗಾರರ ಲೆಕ್ಕ ಹಿಡಿದವು. ಕೂಸು ಅಪ್ಪನದೂ ಹೌದು ಎಂದು ಕಾನೂನು ಒಪ್ಪಿದಂತಾಯಿತು.

ಕೂಸಿನಷ್ಟೇ ದೊಡ್ಡ ಚಿಂತೆ ಮರೆಯದ್ದು. ಶೌಚಾಲಯ ಇಲ್ಲದ, ಇದ್ದರೂ ಬಾಗಿಲು ಬೀಗವಿಲ್ಲದ ಕಡೆ ಹೆಂಗಸರು ಒಂದು ಉಪಾಯ ಮಾಡುತ್ತಾರೆ: ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಸುಡುಬಿಸಿಲಿನಲ್ಲಿ ಬೆವರು ಸುರಿಸಿ ದುಡಿಯುವ ದೇಹಕ್ಕೆ ಅದರ ಫಲ ಉರಿಮೂತ್ರ, ತಲೆಸುತ್ತು, ಕಿಡ್ನಿಯ ತೊಂದರೆ. ಮುಟ್ಟಿನ ದಿನಗಳಲ್ಲಿ ಕೆಲಸಕ್ಕೇ ರಜೆ, ಅಂದರೆ ಕೂಲಿಗೂ ರಜೆ. ಕತ್ತಲಾದ ಮೇಲೆ ಶೆಡ್ಡಿನಿಂದ ಹೊರಗೆ ಹೋಗುವ ಹೆದರಿಕೆ ಬೇರೆ. ಕಿರುಕುಳ ಕೊಡುವವನು ನಾಳೆ ಕೆಲಸ ಕೊಡುವವನೇ ಆಗಿದ್ದರೆ ಅವಳು ಯಾರ ಬಳಿ ಹೇಳಿಕೊಳ್ಳಬೇಕು?

ಹೆಸರಿಗೆ ಎಷ್ಟು ಬೆಲೆ

ಕಟ್ಟಡದ ಖರ್ಚಿನ ಶೇಕಡ 1ರಷ್ಟನ್ನು ಸೆಸ್ ಆಗಿ ಪಡೆದು, ಆ ಹಣವನ್ನು ಕಾರ್ಮಿಕರಿಗೆ ಖರ್ಚು ಮಾಡುವ ವ್ಯವಸ್ಥೆಯೂ 1996ರ ಕಾನೂನಿನಿಂದಲೇ ಬಂತು. ಕರ್ನಾಟಕದಲ್ಲಿ ಇದಕ್ಕಾಗಿ ಕಲ್ಯಾಣ ಮಂಡಳಿ ರಚನೆಯಾದದ್ದು 2007ರಲ್ಲಿ. ನೋಂದಾಯಿಸಿಕೊಂಡವರಿಗೆ ಹೆರಿಗೆ ಸಹಾಯಧನ, ಮಕ್ಕಳ ಓದಿಗೆ ನೆರವು, ಅಪಘಾತ ಪರಿಹಾರ, ಅರವತ್ತರ ನಂತರ ಪಿಂಚಣಿ ಇವೆ. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಸಾಕು, ಹೆಸರು ಬರೆಸಬಹುದು.

ತೊಡಕು ಆ ‘ಸಾಕು’ ಎಂಬಲ್ಲಿದೆ. ತೊಂಬತ್ತು ದಿನ ದುಡಿದದ್ದಕ್ಕೆ ಸಾಕ್ಷಿ ಬೇಕು. ವರ್ಷದಲ್ಲಿ ಐದಾರು ಕಡೆ ಕೆಲಸ ಬದಲಿಸಿ, ಎಲ್ಲ ಕಡೆಯೂ ಗಂಡನ ಹೆಸರಿನ ಬಾಲವಾಗಿ ದುಡಿದವಳಿಗೆ ಯಾರು ಸಹಿ ಹಾಕುತ್ತಾರೆ? ಒಂದು ಪುಸ್ತಕದಲ್ಲಿ ಹೆಸರಿಲ್ಲದ್ದಕ್ಕೆ ಕೂಲಿ ಕೈತಪ್ಪಿತು, ಕೂಸಿನ ಕೋಣೆ ತಪ್ಪಿತು, ಮಂಡಳಿಯ ಕಾರ್ಡು ತಪ್ಪಿತು, ಕೊನೆಗೆ ಪಿಂಚಣಿಯೂ ತಪ್ಪಿತು.

ಈ ನಡುವೆ ಯಂತ್ರವೂ ಬಂತು. ಎಲ್ಲೋ ಕಲಸಿದ ಕಾಂಕ್ರೀಟ್ ಲಾರಿಯಲ್ಲಿ ಬಂದು, ಪಂಪಿನ ಕೊಳವೆಯಲ್ಲಿ ಹತ್ತನೇ ಮಹಡಿ ಸೇರುತ್ತದೆ. ತಲೆಹೊರೆ ತಪ್ಪಿದ್ದು ಒಳ್ಳೆಯದೇ. ಆದರೆ ಸಾಲುಸಾಲಾಗಿ ಬಾಂಡ್ಲಿ ದಾಟಿಸುತ್ತಿದ್ದ ಹೆಂಗಸರ ಕೂಲಿಯೂ ಅದರ ಜೊತೆಗೇ ತಪ್ಪಿತು. ಪಂಪು, ಲಿಫ್ಟು, ಕ್ರೇನು ನಡೆಸುವ ತರಬೇತಿ ಅವರ ಪಾಲಿಗೆ ಬರಲಿಲ್ಲ.

ಹೆಸರು ಬರೆದ ಕಡೆ

ಅದೇ ಮಣ್ಣು ಕೆಲಸವನ್ನು ಹಳ್ಳಿಯಲ್ಲಿ ನೋಡಿ. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೆರೆ ಹೂಳೆತ್ತುವ, ಬದು ಹಾಕುವ ಕೆಲಸಕ್ಕೆ ಗಂಡು ಹೆಣ್ಣೆನ್ನದೆ ಒಂದೇ ಕೂಲಿ ಗೊತ್ತುಮಾಡಿತು. ಕೆಲಸ ಪಡೆದವರಲ್ಲಿ ಮೂರನೇ ಒಂದರಷ್ಟಾದರೂ ಹೆಂಗಸರಿರಬೇಕು ಎಂದಿತು. ಹಾಜರಿ ಪಟ್ಟಿಯಲ್ಲಿ ಅವಳ ಹೆಸರು ಬೇರೆಯೇ ಸಾಲಿನಲ್ಲಿ ಬಂತು, ಕೂಲಿ ಬ್ಯಾಂಕ್ ಖಾತೆಗೆ ಹೋಯಿತು. ದೇಶದಲ್ಲಿ ಆ ಯೋಜನೆಯ ದುಡಿಮೆಯ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದ್ದಾಯಿತು. ಕರ್ನಾಟಕದಲ್ಲಿ ಕೆಲಸದ ತಂಡ ನೋಡಿಕೊಂಡು ಹಾಜರಿ ತೆಗೆದುಕೊಳ್ಳುವವರನ್ನು ‘ಕಾಯಕ ಬಂಧು’ ಎನ್ನುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಹೆಂಗಸರು. ಹೆಸರಿಲ್ಲದವಳು ಇಲ್ಲಿ ಹೆಸರು ಬರೆಯುವವಳಾದಳು. ಕೂಲಿಯವರ ಮಕ್ಕಳನ್ನು ನೋಡಿಕೊಳ್ಳುವ ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ಗಳು ಬಂದದ್ದೂ ಇದೇ ದಾರಿಯಲ್ಲಿ.

ಕರಣೆ ಹಿಡಿದ ಕತೆ ಜಾರ್ಖಂಡದ್ದು. ಸ್ವಚ್ಛ ಭಾರತದ ಶೌಚಾಲಯಗಳನ್ನು ಗಡುವಿನೊಳಗೆ ಕಟ್ಟಬೇಕಿತ್ತು; ಮೇಸ್ತ್ರಿಗಳು ಸಾಲದೆ ಬಂದರು. ಸ್ತ್ರೀಶಕ್ತಿ ಸಂಘಗಳಂಥ ಗುಂಪುಗಳ ಹೆಂಗಸರಿಗೇ ತರಬೇತಿ ಕೊಟ್ಟರು. ಹಿಂದಿಯಲ್ಲಿ ಗಾರೆಯವನಿಗೆ ‘ರಾಜ್ ಮಿಸ್ತ್ರಿ’ ಎನ್ನುತ್ತಾರೆ, ಇವರು ‘ರಾಣಿ ಮಿಸ್ತ್ರಿ’ಗಳಾದರು. ಲಾತೇಹಾರ್ ಜಿಲ್ಲೆಯ ಸುನೀತಾ ದೇವಿ ಅವರಿಗೆ 2019ರ ಮಹಿಳಾ ದಿನದಂದು ನಾರಿ ಶಕ್ತಿ ಪುರಸ್ಕಾರ ಬಂತು. ಮರುವರ್ಷ ಕಾನ್ಪುರದ ಗಾರೆಗೆಲಸಗಾರ್ತಿ ಕಲಾವತಿ ದೇವಿ ಅವರಿಗೆ. ಇದು ಕೈಗೂಡಿದ್ದರಲ್ಲಿ ಪವಾಡವೇನಿಲ್ಲ. ಕೆಲಸ ಸ್ವಂತ ಊರಲ್ಲೇ ಇತ್ತು, ಕಟ್ಟಡ ಚಿಕ್ಕದು, ಕೆಲಸ ಮಾಡುತ್ತಲೇ ಕಲಿಕೆ, ಕಟ್ಟಿಸುವವರು ಸರಕಾರದವರು. ಹುಡುಗನಿಗೆ ಸಿಗುತ್ತಿದ್ದ ಆ ತಪ್ಪು ಮಾಡುವ ಮೂಲೆ ಮೊದಲ ಸಲ ಇವರಿಗೂ ಸಿಕ್ಕಿತು. ಕನ್ನಡದಲ್ಲಿ ‘ಹೆಣ್ಣಾಳು’ ಇದೆ. ‘ಮೇಸ್ತ್ರಮ್ಮ’ ಎಂದರೆ ಮಾತ್ರ ಮೇಸ್ತ್ರಿಯ ಹೆಂಡತಿ ಎಂದೇ ಇನ್ನೂ ಅರ್ಥ.

ನಕ್ಷೆ ಹಿಡಿದವರು

ಬಾಂಡ್ಲಿ ಹೊರದೆ ನಕ್ಷೆ ಹಿಡಿದು ಬಂದ ಹೆಂಗಸರಿಗೂ ಹೆಸರಿನದೇ ತಕರಾರು. ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಿಂದ 1943ರಲ್ಲಿ ಪದವಿ ಪಡೆದ ಎ. ಲಲಿತಾ ದೇಶದ ಮೊದಲ ಮಹಿಳಾ ಎಂಜಿನಿಯರ್. ಪದವಿಪತ್ರದಲ್ಲಿ ‘ಅವನು’ ಎಂದು ಅಚ್ಚಾಗಿದ್ದುದನ್ನು ಹೊಡೆದುಹಾಕಿ, ‘ಅವಳು’ ಎಂದು ಕೈಯಲ್ಲಿ ಬರೆಯಬೇಕಾಯಿತಂತೆ. ಅದೇ ಕಾಲೇಜಿನ ಪಿ.ಕೆ. ತ್ರೇಸ್ಯಾ 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರ್ ಆದರು. ದೇಶದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ ಅವರು. ಮುಂಬಯಿಯಲ್ಲಿ ಓದಿದ ಶಕುಂತಲಾ ಭಗತ್, ಬಿಡಿಭಾಗಗಳನ್ನು ಜೋಡಿಸಿ ನಿಲ್ಲಿಸುವ ಉಕ್ಕಿನ ಸೇತುವೆಗಳನ್ನು ರೂಪಿಸಿ, 1972ರಲ್ಲಿ ಹಿಮಾಚಲದ ಸ್ಪಿತಿಯಲ್ಲಿ ಕಟ್ಟಿ ತೋರಿಸಿದರು. 2025ರ ಜೂನ್ 6ರಂದು ಉದ್ಘಾಟನೆಯಾದ ಚಿನಾಬ್ ರೈಲು ಸೇತುವೆ ನದೀಪಾತ್ರದಿಂದ 359 ಮೀಟರ್ ಎತ್ತರದಲ್ಲಿದೆ. ಅದು ಊರಿರುವ ಬಿರುಕು ಬಂಡೆಗಳನ್ನು ಭದ್ರಪಡಿಸುವ ಕೆಲಸಕ್ಕೆ 17 ವರ್ಷ ಸಲಹೆ ಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಜಿ. ಮಾಧವಿ ಲತಾ.

ಇಷ್ಟಾದರೂ ಸಿವಿಲ್ ಓದಿ ಬಂದ ಹುಡುಗಿಗೆ ‘ನೀವು ಆಫೀಸಲ್ಲೇ ಡ್ರಾಯಿಂಗ್ ನೋಡಿಕೊಳ್ಳಿ ಮೇಡಂ, ಸೈಟಿಗೆ ಬೇಡ’ ಎಂಬ ಕಾಳಜಿಯ ಮಾತು ಕಾದಿರುತ್ತದೆ. ಸೈಟಿನಲ್ಲಿ ನಿಂತು ಕಲಿಯದವರಿಗೆ ಮುಂದೆ ದೊಡ್ಡ ಕೆಲಸ ವಹಿಸುವುದಿಲ್ಲ. ಇದೂ ಕರಣೆ ಕೊಡದ ಇನ್ನೊಂದು ರೀತಿ. ಬೀಗವಿಲ್ಲದ ಆ ಶೌಚಾಲಯ ಎಂಜಿನಿಯರಿಗೂ ಅದೇ, ಆಳಿಗೂ ಅದೇ.

ಮಾಡಿ ನೋಡಿ

ನಿಮ್ಮ ಬೀದಿಯಲ್ಲಿ ಮನೆಯೊಂದು ಏಳುತ್ತಿದ್ದರೆ ಒಂದು ಸಂಜೆ ಅಲ್ಲಿ ನಿಂತು ನೋಡಿ. ಕರಣೆ ಎಷ್ಟು ಜನ ಹೆಂಗಸರ ಕೈಯಲ್ಲಿದೆ? ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇದೆಯೇ? ಕೂಸು ಎಲ್ಲಿ ಮಲಗಿದೆ? ಕಟ್ಟಿಸುತ್ತಿರುವವರು ನೀವೇ ಆದರೆ ಇನ್ನೂ ಒಳ್ಳೆಯದು. ಕಾರ್ಮಿಕರ ಕಾರ್ಡಿಗೆ ಬೇಕಾದ 90 ದಿನದ ದೃಢೀಕರಣಕ್ಕೆ ಸಹಿ ಹಾಕಬಲ್ಲವರಲ್ಲಿ ಕಟ್ಟಡದ ಮಾಲೀಕರೂ ಸೇರಿದ್ದಾರೆ. ಬರುವ ಶನಿವಾರ ಬಟವಾಡೆಯ ಹೊತ್ತಿಗೆ ಹೋಗಿ, ಮೇಸ್ತ್ರಿಯ ಪುಸ್ತಕ ಕೇಳಿ. ‘ಜೋಡಿ’ ಎಂದಿರುವಲ್ಲಿ ಅವಳ ಹೆಸರೇನೆಂದು ಅವಳನ್ನೇ ವಿಚಾರಿಸಿ, ಬೇರೆ ಸಾಲಿನಲ್ಲಿ ಬರೆಸಿ. ಅದಕ್ಕೆ ಬೇಕಾಗುವುದು ಒಂದು ಸಾಲಿನಷ್ಟು ಜಾಗ.